ಕಲ್ಲಣ್ಣನ ಮನೆಯ ‘ಏನಿಲ್ಲ’

ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ಅಲ್ಲಿಂದ ಕರಜಗಿಗೆ ವಡಾಪ್ ಓಡಿಸುವ ಕಲ್ಲಣ್ಣನಿಗೆ ಎರಡು ಕೆಲಸ. ವಡಾಪ್ ಎಂದರೆ ಸೀಟು ತುಂಬಿದ ಮೇಲೂ ನಾಲ್ಕು ಮಂದಿಗೆ ಜಾಗ ಉಳಿದಿರುವ ಜೀಪು. ಅದನ್ನು ನಡೆಸುವುದು ಮೊದಲನೆಯ ಕೆಲಸ. ಅದನ್ನು ಸುಮಾರಾಗಿ ಮಾಡುತ್ತಿದ್ದ. ಹತ್ತಿ ಕೂತವರ ಮುಖ ನೋಡಿ ಯಾವ ಊರಲ್ಲಿ ಏನು ತಿನ್ನಬೇಕೆಂದು ಹೇಳುವುದು ಎರಡನೆಯದು. ಅದರಲ್ಲಿ ಅವನನ್ನು ಮೀರಿಸಿದವರು ಆ ದಾರಿಯಲ್ಲಿ ಯಾರೂ ಇರಲಿಲ್ಲ, ಏಕೆಂದರೆ ಮತ್ಯಾರೂ ಆ ಕೆಲಸಕ್ಕೆ ಇಳಿದಿರಲಿಲ್ಲ.

ವೈದ್ಯರು ನಾಡಿ ಹಿಡಿದರೆ ಕಲ್ಲಣ್ಣ ಜೀಪಿನ ಕನ್ನಡಿಯಲ್ಲಿ ಮುಖ ಹಿಡಿಯುತ್ತಿದ್ದ. ಸೊರಗಿದವರಿಗೆ ಕಲಬುರಗಿಯ ಮಾಲಪುರಿ. ಮುಖ ಗಂಟು ಹಾಕಿಕೊಂಡವರಿಗೆ ಪಂಢರಪುರದ ಪೇಢೆ. ಹೊಸ ಗಂಡಹೆಂಡಿರಿಗೆ ಸೊಲ್ಲಾಪುರದ ಶೇಂಗಾ ಹೋಳಿಗೆ, ಅದೂ ತುಪ್ಪ ಸುರಿದು. ಜಾಗಕ್ಕಾಗಿ ಜಗಳ ತೆಗೆದವರಿಗೆ ಸೊಲ್ಲಾಪುರದ ಬಿಸಿ ಭಜಿ, ಜೊತೆಗೆ ಹುರಿದ ಹಸಿಮೆಣಸಿನಕಾಯಿ. ಬಾಯಿ ತಾನಾಗಿ ಮುಚ್ಚುತ್ತದೆ ಎನ್ನುವುದು ಅವನ ಖಾತ್ರಿ. ಗೋಕಾಕವನ್ನು ಅವನು ಕಣ್ಣಾರೆ ಕಂಡವನಲ್ಲ. ಯಾರೋ ಪ್ರಯಾಣಿಕರು ಕೊಟ್ಟ ಒಂದು ಚೂರು ಕರದಂಟಷ್ಟೇ ಅವನಿಗೂ ಆ ಊರಿಗೂ ಇದ್ದ ಸಂಬಂಧ. ಆದರೂ ಗೋಕಾಕದಲ್ಲಿ ಬಸ್ಸಿಳಿದು ಎಡಕ್ಕೆ ಹೊರಳಬೇಕೋ ಬಲಕ್ಕೋ ಎಂದು ಯಾರಾದರೂ ಕೇಳಿದರೆ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು.

ಇಂಥ ನಾಲಿಗೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಕೊರಡಾಗುತ್ತಿತ್ತು. ಹೆಂಡತಿ ಬೀರವ್ವ ಬಡಿಸುತ್ತಿದ್ದಳು, ಇವನು ಉಣ್ಣುತ್ತಿದ್ದ, ಕೈ ತೊಳೆಯುತ್ತಿದ್ದ. ಹೇಗಿದೆ ಎಂದು ಅವಳು ಕೇಳಿದರೆ “ಹೂಂ” ಎನ್ನುತ್ತಿದ್ದ. ಅಡಿಗೆ ಮಾಡಿದವಳ ಎದುರಿಗೇ ಹೊಗಳಿದರೆ ಅವಳ ಕೈಗುಣ ಕೆಡುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಅವನ ಅಪ್ಪ ಹೊಗಳಲಿಲ್ಲ, ಅಜ್ಜ ಹೊಗಳಲಿಲ್ಲ, ಮನೆದೇವರು ಬೀರೋಬನ ಪೂಜೆಯ ದಿನ ಹುಗ್ಗಿ ಉಂಡು ತೇಗಿದರೂ ಬಾಯಿ ಬಿಡಲಿಲ್ಲ. ಗಂಡಸರ ಸೋಮಾರಿತನಕ್ಕೆ ಇಷ್ಟು ಗಟ್ಟಿಯಾದ ಶಾಸ್ತ್ರ ಮತ್ತೆಲ್ಲೂ ಸಿಗಲಾರದು.

ಕೇಡು ಬಂದದ್ದು ಚಳಿಗಾಲದಲ್ಲಿ. ಊರೂರು ತಿರುಗಿ ಅಲ್ಲಲ್ಲಿನ ತಿಂಡಿಗಳನ್ನು ಫೋನಿನಲ್ಲಿ ತೋರಿಸುವ ಸಾಯಲಿ ಎಂಬ ಪುಣೆಯ ಹುಡುಗಿ ಅವನ ಜೀಪು ಹತ್ತಿದಳು. ಕಲ್ಲಣ್ಣ ಅವಳ ಮುಖ ನೋಡಿ, ಕರಜಗಿಯ ಆಚೆ ಗೆಳೆಯನ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನಿಸುವುದಾಗಿ ಮಾತು ಕೊಟ್ಟ. ತನ್ನೂರು ಕರಜಗಿಯ ಹತ್ತಿರ ಬಂದಾಗ ಜೀಪಿನ ಬೆಲ್ಟು ಹರಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಪರವೂರ ಹುಡುಗಿಯನ್ನು ನಿಲ್ಲಿಸುವುದು ಸರಿಯಲ್ಲವೆಂದು ಮನೆಗೆ ಕರೆದುಕೊಂಡು ಬಂದ.

ಹೇಳದೆ ಕೇಳದೆ ಬಂದ ಅತಿಥಿಗೆ ಬೀರವ್ವ ಕೈಗೆ ಸಿಕ್ಕದ್ದನ್ನೇ ಮಾಡಿದಳು. ನಿನ್ನೆಯ ಜೋಳದ ರೊಟ್ಟಿ ಮುರಿದು, ಮಜ್ಜಿಗೆ ಚಿಮುಕಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ ಕೊಟ್ಟಳು. ಸಾಯಲಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಆಮೇಲೆ ಫೋನನ್ನು ಬೀರವ್ವನ ಮುಖಕ್ಕೆ ಹಿಡಿದು ಕೇಳಿದಳು, “ಮಾವಶಿ, ಹೇ ಕಾಯ ಆಹೇ?”

ಇದೇನು ಎಂದು ಕೇಳಿದ್ದು ಬೀರವ್ವನನ್ನು. ಅವಳು ಸೆರಗು ಸರಿಮಾಡಿಕೊಂಡು ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ತಂಗಳ ರೊಟ್ಟಿಯ ಗುಟ್ಟು ಪುಣೆಯವರಿಗೆ ತಿಳಿದರೆ ಮಾನ ಹೋದೀತೆಂದು ಕಲ್ಲಣ್ಣ ನಡುವೆ ಬಾಯಿ ಹಾಕಿದ.

“ಏನಿಲ್ರಿ, ಏನಿಲ್ಲ.”

ಸಾಯಲಿಗೆ ಕನ್ನಡ ಬಾರದು. ಅವಳು ಫೋನಿಗೆ ಮುಖ ಮಾಡಿ, ಅಕ್ಕಲಕೋಟೆ ಸೀಮೆಯ ಈ ಅಪ್ಪಟ ‘ಏನಿಲ್ಲ’ವನ್ನು ತಿನ್ನದೆ ಹೋದವರ ಬಾಳು ವ್ಯರ್ಥ ಎಂದು ಮರಾಠಿಯಲ್ಲಿ ಸಾರಿಬಿಟ್ಟಳು.

ಮುಂದೆ ನಡೆದದ್ದನ್ನು ಸೊಲ್ಲಾಪುರದ ಕನ್ನಡ ಮಂದಿ ಇನ್ನೂ ಅರಗಿಸಿಕೊಂಡಿಲ್ಲ. ಶಿವರಾತ್ರಿಯ ಹೊತ್ತಿಗೆ ಪೇಟೆಯಲ್ಲೆಲ್ಲ ಬೋರ್ಡುಗಳು ಎದ್ದವು. ಒಬ್ಬ ‘ನಮ್ಮಲ್ಲಿ ಏನಿಲ್ಲ ಸಿಗುತ್ತದೆ’ ಎಂದು ಬರೆಸಿದರೆ, ಎದುರಿನವನು ‘ಸೊಲ್ಲಾಪುರದ ಮೊಟ್ಟಮೊದಲ ಏನಿಲ್ಲ’ ಎಂದು ಬರೆಸಿದ. ಮೂರನೆಯವನ ಬೋರ್ಡಿನಲ್ಲಿ ‘ಸ್ಪೆಷಲ್ ಏನಿಲ್ಲ’ ಎಂದಿತ್ತು. ಕನ್ನಡ ಬಲ್ಲವರಿಗೆ ಅವನೊಬ್ಬನೇ ಪ್ರಾಮಾಣಿಕನಾಗಿ ಕಂಡ. ಭಂಡಾರಕವಠೆಯ ರೈತನೊಬ್ಬ ಹಸಿದು ಬಂದು ಉಣ್ಣಲು ಏನಿದೆ ಎಂದು ಕೇಳಿದ. ಏನಿಲ್ಲ ಎಂದರು. ಬೇರೆ ಏನೂ ಇಲ್ಲವೇ ಎಂದ. ಇಲ್ಲ, ಏನಿಲ್ಲ ಮಾತ್ರ ಇದೆ, ಬೇಕಾದಷ್ಟಿದೆ ಎಂದರು. ಅವನು ಪಿತ್ತ ನೆತ್ತಿಗೇರಿ ಎದ್ದು ಹೋದ. ಮಾಲೀಕ ಪ್ಲೇಟು ಹಿಡಿದು ಬಸ್‌ಸ್ಟ್ಯಾಂಡಿನ ತನಕ ಅವನ ಹಿಂದೆ ಓಡಿದ. ಉಪವಾಸದವರಿಗೆಂದು ರೊಟ್ಟಿ ಬಿಟ್ಟು ಸಾಬೂದಾಣಿಯಲ್ಲಿ ‘ಉಪವಾಸದ ಏನಿಲ್ಲ’ವೂ ಬಂತು.

ಅಷ್ಟರಲ್ಲಿ ಕರಜಗಿಯ ಎಸ್ಟಿ ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಏನಿಲ್ಲ ಬಂತು, ಅದರ ಬೆನ್ನಿಗೆ ಆ ವಿಡಿಯೋವೂ ಬಂತು. ನೆರೆಮನೆಯವರ ಫೋನಿನಲ್ಲಿ ಬೀರವ್ವ ತನ್ನ ಮುಖ ನೋಡಿದಳು, ತೆರೆದ ತನ್ನ ಬಾಯಿ ನೋಡಿದಳು, ಆ ಬಾಯಿಂದ ಗಂಡನ ದನಿ ಹೊರಟದ್ದನ್ನು ಕೇಳಿದಳು. ಕೂಗಾಡಲಿಲ್ಲ. ಅಂದು ಕಲ್ಲಣ್ಣ ಕೈಕಾಲು ತೊಳೆದು ಬಂದು ಉಣ್ಣಲು ಏನಿದೆ ಎಂದಾಗ ಏನಿಲ್ಲ ಎಂದಳು. ಅವನು ಹಿಗ್ಗಿ ಮಣೆಯ ಮೇಲೆ ಕೂತ. ಬಹಳ ಹೊತ್ತು ಕೂತ. ಕೊನೆಗೆ ಎದ್ದು ನೋಡಿದರೆ ಪಾತ್ರೆಗಳೆಲ್ಲ ತೊಳೆದು ಬೋರಲಾಗಿದ್ದವು.

“ಆ ಪೋರಿ ಕೇಳಿದ್ದು ನನ್ನ. ನಾ ಹೇಳೂದ್ರಾಗ ನೀವು ಏನಿಲ್ಲ ಅಂದ್ರಿ,” ಎಂದಳು ಬೀರವ್ವ. “ಇಷ್ಟು ವರ್ಸ ನನ್ನ ಕೈಯಾಂದು ಉಂಡು ಒಮ್ಮೆರ ಹೆಂಗಾಗೇತಿ ಅಂತ ಹೇಳೀರೇನ್ರಿ? ನನ್ನ ಮಾರಿ ನೋಡಿ ಹೇಳೂತನಕಾ ಈ ಮನ್ಯಾಗ ನಿಮಗ ಏನಿಲ್ಲ.”

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಲ್ಲಣ್ಣ ಹೇಳಲು ಹೊರಟ ಕೂಡ. ಗಂಟಲು ಸರಿಮಾಡಿಕೊಂಡ, ತೊಲೆ ನೋಡಿದ, ಗೋಡೆ ನೋಡಿದ, ಗೋಡೆಯ ಮೇಲಿನ ಬೀರೋಬನ ಪಟ ನೋಡಿದ. ಕೊನೆಗೆ ಬಾಯಿಂದ ಬಂದದ್ದು “ಹೂಂ”. ಬೀರವ್ವ ದೀಪ ಹಚ್ಚಲು ಎದ್ದು ಹೋದಳು.

ಅಂದಿನಿಂದ ಅವಳು ತನ್ನೊಬ್ಬಳಿಗೆ ಸಾಕಾಗುವಷ್ಟು ರೊಟ್ಟಿ ಬಡಿದು, ಅವನು ಬರುವ ಮೊದಲೇ ಉಂಡು ಮುಗಿಸತೊಡಗಿದಳು. ಊರಿಗೆಲ್ಲ ಊಟ ಹೇಳಿದವನು ತಾನು ಹೇಳಿದ ಜಾಗಗಳಲ್ಲೇ ಉಣ್ಣಬೇಕಾಯಿತು. ಭಜಿ ತಿಂದು ಎದೆಯುರಿ, ಪೇಢೆ ತಿಂದು ಓಕರಿಕೆ. ಸೊಲ್ಲಾಪುರದ ಹೋಟೆಲುಗಳ ಏನಿಲ್ಲವನ್ನೂ ತಿಂದು ನೋಡಿದ. ಒಂದರಲ್ಲಿ ಬೆಳ್ಳುಳ್ಳಿ ಕಪ್ಪಾಗಿತ್ತು, ಇನ್ನೊಂದರಲ್ಲಿ ಮಜ್ಜಿಗೆಗೆ ಬದಲು ಚೀಸ್ ಇತ್ತು. ನನ್ನ ಹೆಂಡತಿ ಮಾಡಿದ್ದರ ಮುಂದೆ ಇವೆಲ್ಲ ಮಣ್ಣು ಎಂದು ಜೀಪಿನಲ್ಲಿ ಕೂತ ಅಪರಿಚಿತರಿಗೆ ಸೊಲ್ಲಾಪುರದಿಂದ ಅಕ್ಕಲಕೋಟೆ ಬರುವ ತನಕ ಹೇಳುತ್ತಿದ್ದ. ಹೇಳುವಾಗ ಕಣ್ಣು ತುಂಬುತ್ತಿತ್ತು. ಇದೇ ಮಾತನ್ನು ಮನೆಯಲ್ಲಿ ಏಕೆ ಹೇಳಲಾಗದು ಎಂಬುದು ಅವನಿಗೇ ತಿಳಿಯದ ಸಂಕಟ.

ಒಂದು ದಿನ ಠಾಣೆ ಪಟ್ಟಣದಿಂದ ಅಕ್ಕಲಕೋಟೆಯ ಸ್ವಾಮಿಯ ದರ್ಶನಕ್ಕೆ ಬಂದ ಮರಾಠಿ ಕುಟುಂಬವೊಂದು ಈ ಹೊಗಳಿಕೆ ಕೇಳಿ, ಹಾಗಾದರೆ ನಿಮ್ಮ ಮನೆಗೇ ನಡೆಯಿರಿ ಎಂದು ಹಟ ಹಿಡಿಯಿತು. ಗಾಬರಿಯಲ್ಲಿ ಕಲ್ಲಣ್ಣನ ಮರಾಠಿ ಅರ್ಧ ದಾರಿಯಲ್ಲಿ ಕೈಕೊಟ್ಟಿತು.

“ಘರಾತ ಏನಿಲ್ಲ,” ಎಂದ.

ಮನೆಯಲ್ಲಿ ಏನಿಲ್ಲ ಇದೆಯಂತೆ ಎಂದು ಠಾಣೆಯವರು ಚಪ್ಪಾಳೆ ತಟ್ಟಿದರು.

ಹೀಗೆ ಒಂದು ಜೀಪಿನ ತುಂಬ ಜನ ಕರಜಗಿಯಲ್ಲಿ ಇಳಿದರು. ಬೀರವ್ವ ಬಾಗಿಲಿಗೆ ಬಂದಳು. ಏನಿಲ್ಲ, ಏನಿಲ್ಲ ಎಂದು ಅವರು ಕೈಮುಗಿದರು. ಅವಳೂ ಕೈ ಅಲ್ಲಾಡಿಸಿ ಏನಿಲ್ಲ ಎಂದಳು. ಅವರು ಸಂತೋಷದಿಂದ ಪಡಸಾಲೆಯಲ್ಲಿ ಸಾಲಾಗಿ ಕೂತರು. ಅವಳು ಮತ್ತೊಮ್ಮೆ, ಬಿಡಿಸಿ ಬಿಡಿಸಿ, ಏನೂ ಇಲ್ಲ ಎಂದಳು. ಆತುರವಿಲ್ಲ, ನಿಧಾನವಾಗಿ ಆಗಲಿ ಎಂದು ಹಿರಿಯರೊಬ್ಬರು ಮರಾಠಿಯಲ್ಲಿ ಸಮಾಧಾನ ಹೇಳಿದರು.

ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಎಬ್ಬಿಸುವ ಮನಸ್ಸು ಬೀರವ್ವನಿಗಿಲ್ಲ. ಆದರೆ ಈ ತಿಂಡಿಗೆ ನಿನ್ನೆಯ ರೊಟ್ಟಿಯೇ ಬೇಕು. ಗಂಡನ ಮೇಲಿನ ಸಿಟ್ಟಿಗೆ ಅಳತೆ ಮಾಡಿ ಬಡಿಯುತ್ತಿದ್ದ ಮನೆಯಲ್ಲಿ ತಂಗಳು ಎಲ್ಲಿಂದ ಬರಬೇಕು? ಕಲ್ಲಣ್ಣ ನೀರು ತರಲು ಬೋರಿಗೆ ಹೋಗಿದ್ದಾಗ ಅವಳು ಹಿತ್ತಿಲಿಂದ ಎಲ್ಲೋ ಹೋಗಿ, ಮುಚ್ಚಿದ ಪಾತ್ರೆಯೊಂದಿಗೆ ಬಂದಳು. ಅವನು ಕೊಡ ಇಳಿಸುವ ಹೊತ್ತಿಗೆ ಎಲ್ಲರ ತಾಟಿನಲ್ಲೂ ಹಬೆಯಾಡುತ್ತಿತ್ತು. ಕೊನೆಯಲ್ಲಿ ಅವನಿಗೂ ಒಂದು ತಾಟು ಇತ್ತು.

ಕಲ್ಲಣ್ಣ ಕೂತ. ಒಂದು ತುತ್ತು ಬಾಯಿಗಿಟ್ಟ. ಅಷ್ಟು ವಾರಗಳ ಹಸಿವೂ ನಾಚಿಕೆಯೂ ಒಟ್ಟಿಗೆ ಕರಗಿ ಕಣ್ಣಿಗೆ ಬಂದವು. ಅವನು ತೊಲೆ ನೋಡಲಿಲ್ಲ, ಪಟ ನೋಡಲಿಲ್ಲ. ಬಡಿಸುತ್ತಿದ್ದ ಹೆಂಡತಿಯ ಮುಖವನ್ನೇ ನೋಡಿದ.

“ಬೀರವ್ವಾ, ಭಾಳ ಚಲೋ ಆಗೇತಿ. ಎಷ್ಟ ಊರ ಸುದ್ದಿ ಹೇಳಿದ್ರೂ ಇಂಥಾದ್ದು ನಾ ಎಲ್ಲೂ ತಿಂದಿಲ್ಲ. ನಿನ್ನ ಕೈಯಾಂದು ಬಿಟ್ಟು ನನಗ ಯಾವ ಊಟಾನೂ ಹತ್ತಂಗಿಲ್ಲ. ಅವತ್ತ ನಾ ಏನಿಲ್ಲ ಅಂದದ್ದು ತಪ್ಪಾತು.”

ಠಾಣೆಯವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ತಿನ್ನುವುದನ್ನು ನಿಲ್ಲಿಸಿದರು. ಬೀರವ್ವ ಸೌಟು ಹಿಡಿದು ಕೊನೆಯ ಮಾತಿನ ತನಕ ಕೇಳಿದಳು. ಆಮೇಲೆ ಅವನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು.

“ಇದು ಎಸ್ಟಿ ಸ್ಟ್ಯಾಂಡಿನ ಸಿದ್ಧರಾಮನ ಹೊಟೇಲದ್ದು.”

ಕಲ್ಲಣ್ಣನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಇಷ್ಟು ವರ್ಷ ಕೂಡಿಟ್ಟ ಹೊಗಳಿಕೆಯೆಲ್ಲ ಸಿದ್ಧರಾಮನ ಪಾಲಾಯಿತಲ್ಲ ಎಂದು ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

“ಇರ್ಲಿ, ನುಂಗ್ರಿ,” ಎಂದಳು ಬೀರವ್ವ. “ಅಡಿಗಿ ಮಂದೀದಾದ್ರೂ ಮಾತ ನನಗ ಅಂದದ್ದಲ್ಲೇನು.”

ಅವಳ ದನಿ ಒಂದಿಷ್ಟು ಒಡೆದಿತ್ತು. ಅದನ್ನು ಮರೆಸಲು ಹಿರಿಯರ ತಾಟಿಗೆ ಕೇಳದೆಯೇ ಇನ್ನೊಂದು ಸೌಟು ಹಾಕಿ ಒಳಗೆ ಹೋದಳು. ಠಾಣೆಯವರನ್ನು ಅಕ್ಕಲಕೋಟೆಯಲ್ಲಿ ಇಳಿಸಿ ಕಲ್ಲಣ್ಣ ಅಂದು ಬೇರೆ ಸವಾರಿ ಹತ್ತಿಸಿಕೊಳ್ಳದೆ ನೇರ ಮನೆಗೆ ಬಂದ. ಬೀರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇಬ್ಬರು ಉಂಡರೂ ನಾಳೆಗೆ ಉಳಿಯುವಷ್ಟು ಬಡಿದಿದ್ದಳು.