ಒಂದು ಕಟ್ಟಿಗೆ ಒಂದು ಪದ

ಮೂಡುಬಿದಿರೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಇಂಗ್ಲಿಷ್ ಪದಗಳನ್ನು ಕಲಿಸುತ್ತೇನೆ. ಸಾಮಾನ್ಯ ಪದಗಳನ್ನಲ್ಲ, ಬ್ಯಾಂಕ್ ಪರೀಕ್ಷೆ ಬಿಟ್ಟರೆ ಬೇರೆಲ್ಲೂ ಎದುರಾಗದ, ಹೇಳುವಾಗಲೇ ನಾಲಿಗೆ ತೊಡರುವ ಪದಗಳನ್ನು. ಮಕ್ಕಳು ಮೊಬೈಲಿನ ಆ್ಯಪಿನಲ್ಲಿ ದಿನಕ್ಕೆ ಇಪ್ಪತ್ತು ಪದ ಕಲಿಯುತ್ತಾರೆ, ಮರುದಿನ ಇಪ್ಪತ್ತನ್ನೂ ಮರೆತು ಬರುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. "ನೀವು ಹೇಗೆ ಕಲಿತದ್ದು ಮೇಡಂ?" ಎಂದು ಕೇಳಿದರೆ "ಓದಿ" ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗುತ್ತೇನೆ. ಅದು ಪೂರ್ತಿ ನಿಜವಲ್ಲ. ನನಗೆ ಕಲಿಸಿದವಳು ಅಕ್ಕ. ಅವಳು ಹತ್ತನೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವಳು.

ಆಗ ನಮ್ಮ ಮನೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿತ್ತು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಬ್ಯಾಂಕ್ ಪರೀಕ್ಷೆ ಪಾಸಾಗಿಯೇ ತೀರುತ್ತೇನೆ ಎಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದೆ. ಬಿ.ಸಿ.ರೋಡಿನ ಅಂಗಡಿಯಿಂದ ತಂದ ದಪ್ಪ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ ಬರೆದಿದ್ದೆ. ಕಾಲೇಜಿನಿಂದ ಬಂದವಳೇ ಅದನ್ನು ಅಕ್ಕನ ಮುಂದೆ ತೆರೆದಿಡುತ್ತಿದ್ದೆ. ಅವಳ ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ. ಎರಡೂ ಕೈಗೆ ಕೆಲಸ. ಪುಟ ಹಾರದಂತೆ ಎಲೆ ಕತ್ತರಿಸುವ ಕತ್ತರಿಯನ್ನೇ ಪುಸ್ತಕದ ಮೇಲೆ ಇಡುತ್ತಿದ್ದಳು.

ನಿಯಮವೂ ಅವಳದೇ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಟ್ಟಿಗೆ ದಾರ ಸುತ್ತಲು ತೊಡಗುವಾಗ ಅವಳು ಒಂದು ಅರ್ಥ ಓದುವಳು. ಗಂಟು ಬೀಳುವುದರೊಳಗೆ ನಾನು ಇಂಗ್ಲಿಷ್ ಪದ ಹೇಳಬೇಕು. ಹೇಳಿದರೆ ಕಟ್ಟು ಬಲಕ್ಕೆ, ತಪ್ಪಿದರೆ ಎಡಕ್ಕೆ. ಎಡಗಡೆಯ ಕಟ್ಟುಗಳ ಪದಗಳನ್ನೆಲ್ಲ ಕೊನೆಗೆ ನಾನು ಸರಿಯಾಗಿ ಒಪ್ಪಿಸದೆ ಒಂದೇ ಒಂದು ಕಟ್ಟನ್ನೂ ಅವಳು ಚೀಲಕ್ಕೆ ಹಾಕುತ್ತಿರಲಿಲ್ಲ. ಬೀಡಿ ಕೊಟ್ಟು ಹೊಸ ಎಲೆ ತರುವ ಬ್ರಾಂಚಿಗೆ ಹೋಗುವ ದಿನವಂತೂ ನನ್ನ ಗ್ರಹಚಾರ. "ಬೇಗ ಹೇಳು ಮಾರಾಯ್ತಿ, ಬ್ರಾಂಚಿನ ಬಾಗಿಲು ಹಾಕ್ತಾರೆ" ಎಂದು ಗದರುತ್ತಿದ್ದಳು.

ತಿಂಗಳು ಕಳೆಯುವುದರೊಳಗೆ ಅವಳು ಪುಸ್ತಕ ನೋಡುವುದನ್ನೇ ಬಿಟ್ಟಳು. ಎಲ್ಲ ಬಾಯಿಪಾಠ ಬಂದಿತ್ತು. ಸೊಕ್ಕಿನ ಹುಂಜ 'ಆ್ಯರೊಗೆಂಟ್' ಆಯಿತು. ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋಗುವ ಬಸ್ಸಿನ ಡ್ರೈವರ್ 'ರೂತ್‌ಲೆಸ್' ಆದ. ನಾನು ಹಟ ಹಿಡಿದು ಊಟಕ್ಕೆ ಬಾರದಿದ್ದರೆ, "ಅಮ್ಮಾ, ಆಬ್‌ಸ್ಟಿನೇಟಿಗೆ ಅನ್ನ ಮುಚ್ಚಿಡಿ" ಎನ್ನುತ್ತಿದ್ದಳು. ಇಂಗ್ಲಿಷಿನ ಗಂಧವಿಲ್ಲದ ಅಮ್ಮನೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೊಳಗೇ ಇರಿಸುಮುರಿಸು. ಅವಳು ನನಗಿಂತ ಬೇಗ ಕಲಿಯುತ್ತಿದ್ದಳು.

ಒಂದು ಸಂಜೆ ಅವಳು ಮುಖ ಎತ್ತದೆ ಕೇಳಿದಳು: "ನಾನೂ ಒಮ್ಮೆ ಇಂಗ್ಲಿಷ್ ಪರೀಕ್ಷೆ ಕಟ್ಟಿ ನೋಡುದಾ? ಅದೊಂದೇ ಅಲ್ವಾ ಬಾಕಿ ಇರುದು. ಪಾಸಾದರೆ ಅಂಗನವಾಡಿಗಾದ್ರೂ ಅರ್ಜಿ ಹಾಕ್ಬಹುದು. ಫಾರ್ಮಿಗೆ ಎಷ್ಟು ದಿನ ಉಂಟು ಅಂತ ಶಾಲೆಯಲ್ಲಿ ಕೇಳಿಕೊಂಡು ಬಾ."

ಹೈಸ್ಕೂಲು ನಾನು ಬಸ್ಸಿಗೆ ಕಾಯುವ ಜಾಗದ ಎದುರೇ ಇತ್ತು. ಮರುದಿನ ಕೇಳಿದೆ. "ಶನಿವಾರದವರೆಗೆ ಉಂಟು, ಬೇಗ ಬರ್ಲಿಕ್ಕೆ ಹೇಳಿ" ಎಂದರು ಗುಮಾಸ್ತರು. ಅವತ್ತು ಸೋಮವಾರ.

ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಯೋಚಿಸಿದೆ. ನನ್ನ ಪರೀಕ್ಷೆಗೆ ಆರೇ ವಾರ. ಇವಳು ಓದಲು ಕೂತರೆ ನನಗೆ ಪದ ಕೇಳುವವರು ಯಾರು? ಅವಳ ಪಾಲಿನ ಬೀಡಿಗೆ ಅಮ್ಮ ನನ್ನನ್ನೇ ಕೂರಿಸುತ್ತಾರೆ. ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ಕಟ್ಟಲಿ, ಅವಳಿಗೇನು ಅವಸರ? ಅಂಗಳಕ್ಕೆ ಕಾಲಿಡುವಾಗ ಸುಳ್ಳು ತಯಾರಾಗಿತ್ತು.

"ಡೇಟು ಮುಗಿದಿದೆಯಂತೆ ಅಕ್ಕ. ಮೊನ್ನೆ ಶನಿವಾರಕ್ಕೇ."

ಅವಳ ಕೈ ಒಂದು ಕ್ಷಣ ನಿಂತಿತು. "ಛೆ, ಒಂದು ವಾರ ಮೊದಲೇ ನಿನ್ನ ಹತ್ರ ಹೇಳ್ಬೇಕಿತ್ತು" ಎಂದಳು. ಆಮೇಲೆ ಕಟ್ಟು ಎತ್ತಿಕೊಂಡು ಮುಂದಿನ ಅರ್ಥ ಹೇಳಿದಳು. ನಾನು ಸರಿಯಾದ ಪದವನ್ನೇ ಹೇಳಿದೆ. ಕಟ್ಟು ಬಲಕ್ಕೆ ಹೋಯಿತು.

ಶನಿವಾರದವರೆಗೂ ದಿನಾ ಬೆಳಿಗ್ಗೆ ಆ ಶಾಲೆಯ ಎದುರೇ ಬಸ್ಸಿಗೆ ಕಾದೆ. ಗುಮಾಸ್ತರು ಮೊದಲು ತಪ್ಪು ಹೇಳಿದ್ದರು ಎಂದುಬಿಟ್ಟರೆ ಮುಗಿಯಿತು, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಲಿಲ್ಲ.

ಬ್ಯಾಂಕ್ ಪರೀಕ್ಷೆಯ ಇಂಗ್ಲಿಷಿನಲ್ಲಿ ನನಗೆ ಒಳ್ಳೆಯ ಅಂಕ ಬಂತು. ಗಣಿತದಲ್ಲಿ ಮಣ್ಣು ಮುಕ್ಕಿದೆ. ಮುಂದಿನ ವರ್ಷ ಫಾರ್ಮು ಬರುವ ಮೊದಲೇ ಅಕ್ಕನಿಗೆ ಬೆಳ್ತಂಗಡಿ ಕಡೆಯ ಸಂಬಂಧ ಬಂತು. ಮದುವೆ, ಮಕ್ಕಳು, ಅಲ್ಲಿಯೂ ಬೀಡಿ. ಅವಳ ಮನೆಯ ಪಕ್ಕದ ಅಂಗನವಾಡಿಯಲ್ಲಿ ಟೀಚರ್ ಕೆಲಸ ಖಾಲಿಯಾದಾಗ ಹತ್ತನೇ ಪಾಸಾಗಿರಬೇಕು ಎಂದರು. ಬೇರೆ ಯಾರೋ ಬಂದರು. ಆ ಟೀಚರ್ ಈಗ ಮೊಬೈಲಿಗೆ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಅರ್ಥ ಕೇಳಲು ಅಕ್ಕನ ಬಳಿ ಓಡಿ ಬರುತ್ತಾರಂತೆ. ಅಕ್ಕ ಇದನ್ನು ಹೆಮ್ಮೆಯಿಂದ ಹೇಳುತ್ತಾಳೆ. ಕೇಳಿಸಿಕೊಳ್ಳುವ ನನಗೆ ನಾಚಿಕೆಯಿಂದ ತಲೆ ಎತ್ತಲು ಆಗುವುದಿಲ್ಲ.

ಕಳೆದ ಭಾನುವಾರ, ಹೇಳಿಯೇ ಬಿಡಬೇಕೆಂದು ಅವಳ ಮನೆಗೆ ಹೋದೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಈಗ ಕನ್ನಡಕ ಬಂದಿದೆ. ಎಲ್ಲೋ ಕಳೆದುಹೋಯಿತೆಂದು ನಾನು ತಿಳಿದಿದ್ದ ನೋಟ್‌ಬುಕ್ ಅವಳ ಪಕ್ಕದಲ್ಲಿತ್ತು, ಮೇಲೆ ಕತ್ತರಿ.

"ಇವತ್ತು ನೀನು ಕೇಳು, ನಾನು ಹೇಳ್ತೇನೆ" ಎಂದು ಅದನ್ನು ನನ್ನ ಕಡೆ ಸರಿಸಿದಳು.

ಕೇಳಿದೆ. ಒಂದು ಕಟ್ಟೂ ಎಡಕ್ಕೆ ಹೋಗಲಿಲ್ಲ. ಪುಟದ ಕೊನೆಗೆ ಬಂದಾಗ, "ಮಾಡಬೇಕಾದ ಕೆಲಸವನ್ನು ನಾಳೆ ನಾಳೆ ಎಂದು ಮುಂದೂಡುವುದು" ಎಂದು ಓದಿದೆ.

"ಪ್ರೊಕ್ರಾಸ್ಟಿನೇಟ್" ಎಂದಳು. ದಾರ ಎಳೆಯುತ್ತಾ ನಕ್ಕಳು. "ಅದು ನಾನೇ ಅಲ್ವಾ? ಒಂದು ವಾರ ಮೊದಲು ನಿನ್ನ ಹತ್ರ ಹೇಳಿದ್ರೆ ಆವತ್ತು ಫಾರ್ಮ್ ಸಿಗ್ತಿತ್ತು. ಮಕ್ಕಳಿಗೂ ಅದನ್ನೇ ಹೇಳ್ತೇನೆ, ನನ್ನ ಹಾಗೆ ತಡ ಮಾಡ್ಬೇಡಿ ಅಂತ."

ನಾನು ಬಾಯಿ ತೆರೆದೆ. ಇಷ್ಟು ವರ್ಷ ಅವಳು ತನ್ನದೆಂದುಕೊಂಡ ತಪ್ಪು ನನ್ನದು ಎಂದು ಹೇಳಲು ದೊಡ್ಡ ಪದವೇನೂ ಬೇಕಿರಲಿಲ್ಲ.

ಅವಳು ಕಟ್ಟನ್ನು ಕೈಯಲ್ಲೇ ಹಿಡಿದು, ಯಾವ ಕಡೆ ಇಡಲಿ ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

"ಸರಿ ಉಂಟಾ?"

"ಸರಿ ಉಂಟು" ಎಂದೆ.

ಕಟ್ಟು ಬಲಕ್ಕೆ ಹೋಯಿತು.