ತಾವರೆ ಗಡ್ಡೆಗೆ ಕತ್ತಿ ಹಾಕಿದ ಭಾನುವಾರ

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೆಳುವಾಯಿಯ ನಮ್ಮ ಮನೆಯಂಗಳದಲ್ಲಿ, ಒಂದು ಬಿಳಿ ತಾವರೆಯ ಗಡ್ಡೆ ಮೂರು ತುಂಡಾಯಿತು. ಕತ್ತಿ ಹಿಡಿದವರು ಬೆಳ್ತಂಗಡಿಯಿಂದ ಬಂದಿದ್ದ ದೊಡ್ಡಮ್ಮ. (ಪಕ್ಕದಲ್ಲಿದ್ದೂ ತಡೆಯದವನು ನಾನು. ಇದೂ ದಾಖಲಾಗಬೇಕು.)

ಗಡ್ಡೆ ನಮ್ಮದಲ್ಲ. ಪುಂಜಾಲಕಟ್ಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಜೊಹರಾ ಅವರದು. ಅವರ ತಾಯಿ ಊರಿನ ಕೆರೆಯಿಂದ ತಂದು ಟಬ್ಬಿನಲ್ಲಿ ಬೆಳೆಸಿದ ತಾವರೆ. ತಾಯಿ ಈಗಿಲ್ಲ. ಕೆರೆಯನ್ನೂ ಮುಚ್ಚಿ ಕಟ್ಟಡ ಎಬ್ಬಿಸಿದ್ದಾರೆ. ಕಳೆದ ವರ್ಷ ಜೊಹರಾ ನನಗೊಂದು ಗಡ್ಡೆ ಕೊಟ್ಟಿದ್ದರು. ಈ ಜನವರಿಯಲ್ಲಿ ತಂಗಿಯ ಬಾಣಂತನಕ್ಕೆಂದು ಅವರು ಮಾಣಿ ಎಂಬ ಊರಿಗೆ ಹೋಗಿದ್ದಾಗ ಅವರ ಟಬ್ ಬಿರುಕು ಬಿಟ್ಟು, ನೀರೆಲ್ಲ ಸೋರಿ, ಗಿಡ ಒಣಗಿತು. ಉಳಿದದ್ದು ನನ್ನಲ್ಲಿದ್ದದ್ದು ಮಾತ್ರ. ಅದನ್ನೇ ವಾಪಸ್ ಕೇಳಿದ್ದರು.

ನನ್ನ ಟಬ್ ಬಗ್ಗಿಸಿ ಮಣ್ಣು ತಡಕಿದೆ. ಸಿಕ್ಕಿದ್ದು ಒಂದೇ ಒಳ್ಳೆಯ ಗಡ್ಡೆ.

"ಒಂದೇ ಯಾಕೆ ಕೊಡುವುದು? ಮೂರು ಕಣ್ಣು ಉಂಟು, ಮೂರು ಮಾಡುವ," ಎಂದರು ದೊಡ್ಡಮ್ಮ.

"ಜೊಹರಾ ಹತ್ರ ಕೇಳಿ ಮಾಡುವ ದೊಡ್ಡಮ್ಮ."

"ಎಷ್ಟು ಸುವರ್ಣಗಡ್ಡೆ ನೆಟ್ಟಿದ್ದೇನೆ ನಾನು! ನನಗೆ ಕಲಿಸ್ಲಿಕ್ಕೆ ಬಂದದ್ದಾ ನೀನು?"

ಮೊಳಕೆಯ ಕಣ್ಣಿಗೊಂದು ತುಂಡು, ಗಾಯಕ್ಕೆ ಬೂದಿ. ಸುವರ್ಣಗಡ್ಡೆಗೆ ಇದು ಸರಿಯಾದ ಕ್ರಮ. ಆದರೆ ತಾವರೆಯ ಗಡ್ಡೆಯೊಳಗೆ ಗಾಳಿಯ ಕೊಳವೆಗಳಿವೆ. ಕತ್ತರಿಸಿದರೆ ನೀರು ಒಳಗೆ ನುಗ್ಗಿ ಕೊಳೆಯುತ್ತದೆ. ಒಂದು ಕೆಲಸದಲ್ಲಿ ಪಳಗಿದ ಕೈ ಪಕ್ಕದ ಕೆಲಸಕ್ಕೆ ಅನುಮತಿ ಕೇಳುವುದಿಲ್ಲ. ನಾವ್ಯಾರು ಇದಕ್ಕೆ ಹೊರತು?

ಮಧ್ಯಾಹ್ನ ಜೊಹರಾ ಬಂದರು. ತುಂಡುಗಳನ್ನು ನೋಡಿದರು.

"ಅಮ್ಮಾ, ಇದು ನೆಡ್ಲಿಕ್ಕೆ ಕೊಚ್ಚಿದ್ದಾ, ಸಾಂಬಾರಿಗೆ ಕೊಚ್ಚಿದ್ದಾ?"

ದೊಡ್ಡಮ್ಮ ಕತ್ತಿಯನ್ನು ಮೆಲ್ಲ ಬೆನ್ನ ಹಿಂದೆ ಸರಿಸಿದರು. (ಅಪರೂಪ.) ಜೊಹರಾ ನಕ್ಕರು, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ತುದಿಯ ತುಂಡಿನಲ್ಲಿ ಎರಡು ಗೆಣ್ಣುಗಳ ನಡುವಿನ ಭಾಗ ಕತ್ತಿ ತಾಗದೆ, ಒಳಗಿನ ಕೊಳವೆ ಮುಚ್ಚಿಕೊಂಡೇ ಉಳಿದಿತ್ತು. "ಇದೊಂದು ಬದುಕಿದರೂ ಬದುಕೀತು," ಎಂದು ಜೊಹರಾ ಅವರೇ ನಮ್ಮ ಟಬ್ಬಿನಲ್ಲಿ ನೆಟ್ಟರು. ಬರೀ ಗದ್ದೆ ಮಣ್ಣು. ಮೊಳಕೆಯ ತುದಿ ಮಣ್ಣಿನ ಮೇಲೆ. ಅದರ ಮೇಲೆ ನಾಲ್ಕು ಬೆರಳು ನೀರು. ಟಬ್ ಬಿಸಿಲಿನಲ್ಲಿ.

"ಸ್ವಲ್ಪ ಸೆಗಣಿ ಹಾಕುವನಾ?" ದೊಡ್ಡಮ್ಮ ಮೆಲ್ಲ ಕೇಳಿದರು.

"ಬೇಡ ಅಮ್ಮಾ. ನೀರು ಹುಳಿ ಬರ್ತದೆ. ನೀವು ಏನೂ ಹಾಕದಿದ್ದರೆ ಅದೇ ದೊಡ್ಡ ಉಪಕಾರ."

ಉಳಿದೆರಡನ್ನು ಬಕೆಟ್‌ನಲ್ಲಿಟ್ಟೆವು. ವಾರದೊಳಗೆ ಕೊಳೆತು ನಾರಿದವು. ಮರುದಿನ ಸೋಮವಾರವೇ ಊರಿಗೆ ಹೊರಡಬೇಕಿದ್ದ ದೊಡ್ಡಮ್ಮ ಹೊರಡಲಿಲ್ಲ. ದಿನಾ ಬೆಳಿಗ್ಗೆ, ಕಾಫಿಗೂ ಮೊದಲು, ಟಬ್ಬಿನ ಎದುರು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನೀರಿಗೆ ಬೆರಳು ಕೂಡ ತಾಗಿಸಲಿಲ್ಲ.

ಮೊನ್ನೆ ಗುರುವಾರ ಒಂದು ಎಲೆ ಮೇಲೆ ಬಂತು, ನಾಣ್ಯದಷ್ಟು ಅಗಲ. ಜೊಹರಾಗೆ ಫೋನ್ ಮಾಡಿದವರು ದೊಡ್ಡಮ್ಮನೇ. "ನಿನ್ನಮ್ಮನ ತಾವರೆ ಎಲೆ ಬಿಟ್ಟಿದೆ. ಬಂದು ತೆಗೊಂಡು ಹೋಗು ಮಾರಾಯ್ತಿ, ನನಗೆ ನಿದ್ರೆ ಇಲ್ಲ."

"ಈಗ ಅಲ್ಲಾಡಿಸ್ಬೇಡಿ. ಐದು ಎಲೆ ಆಗಲಿ, ಬರ್ತೇನೆ."

ಶನಿವಾರ ಸಂಜೆಗೆ ಎಲೆ ಎರಡು.