ಹೆಡ್‌ಫೋನ್ ರಿಪೇರಿಯ ದುರ್ಗೇಶ, ಕೋಟೆ ಬಾಗಿಲಿನ ಶಿಲ್ಪಾ

ಮಣಿಪಾಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೆಲಮಾಳಿಗೆಯ ಗೇಮಿಂಗ್ ಸೆಂಟರಿನಿಂದ ರಾತ್ರಿಯಿಡೀ ಆಡಿದ ಕಾಲೇಜು ಹುಡುಗರು ಕಣ್ಣುಜ್ಜುತ್ತ ಮೆಟ್ಟಿಲು ಹತ್ತುತ್ತಿದ್ದಾರೆ. ಅವರು ಚೆಲ್ಲಿ ಹೋದದ್ದೆಲ್ಲ ದುರ್ಗೇಶ ಅವರ ಪಾಲು. ಚಿಪ್ಸಿನ ಪುಡಿ ತಿಂದ ಕೀಬೋರ್ಡುಗಳನ್ನು ಬೋರಲು ಹಾಕಿ ಕೊಡವುತ್ತಾರೆ, ಮೌಸುಗಳ ಹೊಟ್ಟೆ ಒರೆಸುತ್ತಾರೆ, ತಂತಿ ಕಿತ್ತ ಹೆಡ್‌ಫೋನುಗಳಿಗೆ ಬೆಸುಗೆ ಹಾಕುತ್ತಾರೆ. ಸೋತ ಹುಡುಗರ ಸಿಟ್ಟೆಲ್ಲ ಇಳಿಯುವುದು ಹೆಡ್‌ಫೋನಿನ ಮೇಲೆ. ಹಾಗಾಗಿ ಈ ಕೆಲಸಕ್ಕೆ ಬರವೆಂಬುದೇ ಇಲ್ಲ.

“ದಿನಕ್ಕ ಮೂರ್ನಾಲ್ಕಾದ್ರೂ ಸಾಯ್ತಾವ್ರಿ. ನಾನು ಬದುಕಿಸ್ತೀನಿ” ಎನ್ನುತ್ತಾರೆ ದುರ್ಗೇಶ. ಇಪ್ಪತ್ಮೂರರ ಪ್ರಾಯ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ.

ಆರು ಗಂಟೆಗೆ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಗಿರಾಕಿಗಳು ಬರುವ ತನಕ ಆಡಿಕೊಳ್ಳಲಿ ಎಂದು ಮಾಲೀಕ ಕ್ಲಾರೆನ್ಸ್ ಕೊಟ್ಟ ಸವಲತ್ತು ಅದು. ಆಟದಲ್ಲಿ ಕೋಟೆಯಿದೆ, ಒಳಗೆ ರಾಕ್ಷಸರಿದ್ದಾರೆ. ನಮ್ಮಲ್ಲಿ ಬೆಳಗಾಗುವಾಗ ಅಮೆರಿಕದಲ್ಲಿ ಸಂಜೆ, ಗಲ್ಫಿನಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತು. ಎಲ್ಲೆಲ್ಲಿಯವರೋ ಇಪ್ಪತ್ತು ಮಂದಿ ಇಂಟರ್ನೆಟ್ಟಿನಲ್ಲಿ ಒಂದು ತಂಡವಾಗಿ ಆ ಕೋಟೆಯ ಬಾಗಿಲಲ್ಲಿ ಸೇರುತ್ತಾರೆ. ಉಳಿದವರ ಕೈಯಲ್ಲೆಲ್ಲ ಕತ್ತಿ, ಬಿಲ್ಲು. ಒಬ್ಬಳು ಮಾತ್ರ ಬರಿಗೈಯವಳು, ಉದ್ದ ಜಡೆಯವಳು. ಬಿದ್ದವರ ಗಾಯ ಮಾಯಿಸಿ ಎಬ್ಬಿಸುವುದು ಅವಳ ಕೆಲಸ. ಅವಳ ಹೆಸರು ಶಿಲ್ಪಾ. ಅವಳನ್ನು ಆಡಿಸುವವರು ದುರ್ಗೇಶ.

ಆಡಿಸುವುದು ಎಂದರೆ ಅವರು ಒಪ್ಪುವುದಿಲ್ಲ. “ಅಕಿನೇ ನಾನ್ರಿ. ಆಡ್ಸೋದು ಅಂದ್ರ, ಇಲ್ಲಿ ಕುಂತಾನಲ್ಲ ಈ ದುರ್ಗೇಶ, ಇವನನ್ನ ದಿನಾ ಆಡಿಸಿಕೊಂಡು ಹೊಂಟೀನಿ.”

ದುರ್ಗೇಶ ಎಂಬುದು ಅವರ ನಿಜವಾದ ಹೆಸರಲ್ಲ. ಈ ಬರಹದ ಹೆಸರುಗಳನ್ನೆಲ್ಲ ಬದಲಿಸಿಕೊಟ್ಟವರು ಅವರೇ. ಶಿಲ್ಪಾ ಎಂಬುದನ್ನು ಮಾತ್ರ ಮುಟ್ಟಬೇಡಿ ಎಂದಿದ್ದಾರೆ.

ಮೂಲ ಊರು ಕೊಪ್ಪಳದ ಕಡೆ. ಚಿಕ್ಕವರಿದ್ದಾಗ ಅವ್ವನ ಸೀರೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಮಕ್ಕಳಾಟವೆಂದು ಊರು ಸುಮ್ಮನಿರಲಿಲ್ಲ. ಆ ಕಡೆ ಇಂಥ ಹುಡುಗರನ್ನು ದೇವಿಗೆ ಬಿಡುವ ಪದ್ಧತಿಯಿದೆ. ಸೀರೆ ಉಡಿಸಿ, ತಲೆಯ ಮೇಲೆ ಕೊಡ ಹೊರಿಸಿ, ಜೋಗಪ್ಪ ಎಂದು ಕರೆಯುತ್ತಾರೆ. ಮುಂದೆ ಮನೆಮನೆ ಬೇಡಿ ಬದುಕಬೇಕು. ಅವರ ಕಾಲಿಗೆ ಬೀಳುವವರಿದ್ದಾರೆ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕುವವರಿಲ್ಲ.

“ಅಮ್ಮ ಒಲದಾಳ, ಬಿಟ್ಟುಬಿಡು ಅಂತ ಮಂದಿ ಬೆನ್ನು ಹತ್ತಿದ್ರು” ಎಂದು ನೆನೆಯುತ್ತಾರೆ ತಾಯಿ ಹುಲಿಗೆವ್ವ. “ನನಗಿರಾಂವ ಇವನೊಬ್ಬ. ಕೊಡ ಹೊತ್ತು ಬೇಡೋದು ನೋಡಾಕ ಹಡದೀನೇನು? ಗಂಟು ಕಟ್ಟಿಕೊಂಡು ಬಸ್ ಹತ್ತಿದ್ವಿ.” ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬರವಿರಲಿಲ್ಲ. ಕಲ್ಲು ಹೊತ್ತು ಸೊಂಟ ಬಿದ್ದ ಮೇಲೆ ಹುಲಿಗೆವ್ವ ಇದೇ ಕಟ್ಟಡದ ಕಸ ಗುಡಿಸುತ್ತಾರೆ. ಬೆಳಗ್ಗೆ ಮೊದಲು ಗುಡಿಸುವುದು ಗೇಮಿಂಗ್ ಸೆಂಟರನ್ನೇ. ಮಗನನ್ನು ಹಿಡಿದಿದ್ದದ್ದು ಊರಲ್ಲೇ ಉಳಿಯಿತು ಎಂದು ಅವರು ನಂಬಿದ್ದರು.

ಆದರೆ ಮೂರು ವರ್ಷದ ಹಿಂದೆ, ಸೆಂಟರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ, ಪಾತ್ರ ಆರಿಸುವಾಗ ಆಟ ಇವರನ್ನು ಕೇಳಿತು: ಹೆಣ್ಣೋ, ಗಂಡೋ? “ಹಂಗ ಯಾರೂ ನನ್ನ ಕೇಳಿದ್ದಿಲ್ಲರಿ. ಎಲ್ಲಾರೂ ಹೇಳಿದವ್ರ.” ದುರ್ಗೇಶ ಹೆಣ್ಣು ಎಂದು ಒತ್ತಿದರು.

ತಂಡದ ನಾಯಕ ಸಿರಾಜ್ ಇಲ್ಲೇ ಹತ್ತಿರದ ಹೂಡೆ ಊರಿನವರು, ಗಲ್ಫಿನ ಸೂಪರ್ ಮಾರ್ಕೆಟೊಂದರಲ್ಲಿ ಕೆಲಸ. ಶಿಲ್ಪಾ ಕನ್ನಡದವಳೆಂದು ತಿಳಿದಾಗಿನಿಂದ ಅವಳೊಂದಿಗೆ ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ತಂಡದಲ್ಲಿರುವ, ನಿಟ್ಟೆಯ ಕಾಲೇಜು ಹಾಸ್ಟೆಲಿನ ಹುಡುಗನೊಬ್ಬ ತನಗೆ ಹುಡುಗರೇ ಇಷ್ಟ ಎಂಬುದನ್ನು ಮೊದಲು ಹೇಳಿಕೊಂಡದ್ದೂ ಶಿಲ್ಪಾಳಲ್ಲಿ. ಮನೆಯಲ್ಲಿ ಹೇಳಲಾಗದ್ದನ್ನು ಮುಖ ಕಾಣದ ಒಬ್ಬಳಿಗೆ ಹೇಳುವ ಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ನಮಗೆ ಗೊತ್ತಿಲ್ಲ ಅಷ್ಟೆ.

ಎರಡು ತಿಂಗಳ ಹಿಂದೆ ಸಿರಾಜ್ ಹೊಸ ಕಟ್ಟಳೆ ತಂದರು. ಟೈಪ್ ಮಾಡುತ್ತ ಕೂತರೆ ರಾಕ್ಷಸ ಕಾಯುವುದಿಲ್ಲ, ಇನ್ನು ಎಲ್ಲರೂ ಮೈಕಿನಲ್ಲಿ ಮಾತಾಡಬೇಕು, ಮಾತಾಡದವರು ಬೇರೆ ತಂಡ ನೋಡಿಕೊಳ್ಳಬೇಕು. ದುರ್ಗೇಶರ ದನಿ ಕೇಳಿದರೆ ತಂಡಕ್ಕೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೆನ್ನ ಹಿಂದೆ ಕಸ ಗುಡಿಸುವ ಅವ್ವನಿಗೂ ಗೊತ್ತಾಗುತ್ತದೆ. ಟೈಪ್ ಮಾಡಿದ್ದನ್ನು ಓದಲು ಅವ್ವನಿಗೆ ಬಾರದು. ಮಾತು ಹಾಗಲ್ಲ.

ಹೆಡ್‌ಫೋನ್ ಕೆಟ್ಟಿದೆ ಎಂದು ಸುಳ್ಳು ಹೇಳಿದರು. ಹೇಳಿದ್ದೇ ತಪ್ಪಾಯಿತು. ಸಿರಾಜ್ ಒಳ್ಳೆಯ ಮನುಷ್ಯ, ವಿಳಾಸ ಕೇಳಿಕೊಂಡು, ರಜೆಗೆ ಊರಿಗೆ ಹೊರಟವರ ಕೈಯಲ್ಲಿ ಹೊಸ ಹೆಡ್‌ಫೋನ್ ಕೊಟ್ಟು ಕಳಿಸಿಬಿಟ್ಟರು. ಗುಲಾಬಿ ಬಣ್ಣದ್ದು, ಜೊತೆಗೊಂದು ಡಬ್ಬಿ ಖರ್ಜೂರ.

“ಶಿಲ್ಪಾ ಅಂತ ಹೆಸರು ಉಂಟು, ವಿಳಾಸ ನಮ್ಮ ಅಂಗಡಿಯದ್ದು. ಇದು ಯಾರು ಮಾರಾಯ ಅಂತ ಕೇಳಿದೆ. ಇವ ಅದನ್ನು ಹಿಡ್ಕೊಂಡು ಮೂಲೆಗೆ ಹೋದ” ಎನ್ನುತ್ತಾರೆ ಕ್ಲಾರೆನ್ಸ್.

ಇನ್ನು ನೆಪ ಉಳಿದಿರಲಿಲ್ಲ. ಹೆಂಗಸಿನ ದನಿ ತೆಗೆದು ನೋಡಿದರು. “ಅದು ಖರೇ ಸುಳ್ಳಾತ್ರಿ. ಶಿಲ್ಪಾ ಸುಳ್ಳಲ್ಲ. ಅಕಿಗೆ ಸುಳ್ಳು ದನಿ ಯಾಕ?”

ಕಳೆದ ಭಾನುವಾರ ದುರ್ಗೇಶ ಗುಲಾಬಿ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಪೊರಕೆಯ ಸದ್ದಿದೆ.

“ಸಿರಾಜ್, ಕೇಳ್ತದಾ? ನಾನು ಶಿಲ್ಪಾ.”

ದಪ್ಪನೆಯ ದನಿ, ಅವರದೇ. ಪೊರಕೆ ನಿಲ್ಲುತ್ತದೆ.

ನೀವು ಶಿಲ್ಪಾಳ ಅಣ್ಣನಾ ಎಂದು ಸಿರಾಜ್ ಕೇಳಿದರಂತೆ. “ಅಣ್ಣ ಅಲ್ಲ. ನಾನೇ. ಮೊದಲಿಂದಲೂ ನಾನೇ” ಎನ್ನುತ್ತಾರೆ ದುರ್ಗೇಶ. ಇಬ್ಬರು ಹೊಲಸು ಮಾತು ಟೈಪ್ ಮಾಡಿ ತಂಡ ಬಿಟ್ಟು ಹೋಗುತ್ತಾರೆ. ಸಿರಾಜ್ ಹೇಳಿದ್ದು ಇಷ್ಟು: “ನಿಮ್ಮ ಜಾಗದಲ್ಲಿ ನಿಲ್ಲಿ. ನೀವಿಲ್ಲದೆ ಒಳಗೆ ಹೋಗ್ಲಿಕ್ಕೆ ಉಂಟಾ?”

ದುರ್ಗೇಶ ಹೆಡ್‌ಫೋನನ್ನು ಕೊರಳಿಗಿಳಿಸಿ ತಿರುಗುತ್ತಾರೆ. ಹುಲಿಗೆವ್ವ ಅಲ್ಲೇ ನಿಂತಿದ್ದಾರೆ.

“ಇಲ್ಲಿಗೂ ಬಂತೇನಪ್ಪಾ ಅದು?”

“ಎಲ್ಲೂ ಹೋಗಿರ್ಲಿಲ್ಲ ಯವ್ವಾ.”

ತಾಯಿ ಪರದೆಯ ಹತ್ತಿರ ಬರುತ್ತಾರೆ. ಜಡೆಯ ಹುಡುಗಿಯನ್ನೂ ಅವಳ ಸುತ್ತ ಕತ್ತಿ ಹಿಡಿದು ನಿಂತವರನ್ನೂ ಬಹಳ ಹೊತ್ತು ನೋಡುತ್ತಾರೆ.

“ಕೊಡ ಹೊರಸ್ತಾರೇನು ನಿನಗ?”

“ಇಲ್ಲ.”

“ಬೇಡಾಕ ಹಚ್ಚತಾರೇನು?”

“ಇಲ್ಲ ಯವ್ವಾ. ಗಾಯ ಆದವರನ್ನ ಉಳಿಸೋದು ನನ್ನ ಕೆಲಸ.”

“ಮತ್ತ ಯಾಕ ಹಂಗ ನಿಂತಾರ ಎಲ್ಲಾರೂ?”

“ನಾನು ಬರಲಿ ಅಂತ.”

ಹುಲಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮಗನ ಕೊರಳಿನಿಂದ ಹೆಡ್‌ಫೋನ್ ಎತ್ತಿ, ಹೇಗೆ ಹಾಕುವುದೆಂದು ತಿಳಿಯದೆ ಅವರ ಕೈಗೇ ಕೊಡುತ್ತಾರೆ.

“ಹಂಗಾರ ಹೋಗು. ಮಂದೀನ ಕಾಯಿಸಬ್ಯಾಡ.”